ಹುಟ್ಟಿನ ತಕರಾರು

ಅವರ ಎಡಗೈ ಮುಟ್ಟಿದರೆ ಒಳಗೆ ಯಾರೋ ಮಿಕ್ಸಿ ಹಾಕಿದ ಹಾಗೆ ಗುರ್ರ್ ಎನ್ನುತ್ತಿತ್ತು. ಮೊಣಕೈಯಿಂದ ಕೆಳಗೆ ಹೆಬ್ಬೆರಳು ದಪ್ಪದ ನರವೊಂದು ಚರ್ಮದಡಿಯಲ್ಲಿ ಸೊಟ್ಟಸೊಟ್ಟಗೆ ಉಬ್ಬಿ ನಿಂತಿತ್ತು. ಡಯಾಲಿಸಿಸ್ ಸೂಜಿ ಚುಚ್ಚುವುದಕ್ಕೆಂದು ಡಾಕ್ಟರು ನರಕ್ಕೆ ನರ ಸೇರಿಸಿ ಮಾಡಿದ ಏರ್ಪಾಡು ಅದು. ಮನೆಗೆ ಹೊಸಬರು ಬಂದರೆ ಸಾಕು, ಆ ಕೈ ಚಾಚಿ, "ಇಟ್ಟು ನೋಡಿ, ಇಂಜಿನ್ ಓಡ್ತಾ ಇದೆ" ಎನ್ನುವುದು ಅವರ ಚಾಳಿ. ಬಂದವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರೆ ಅವರಿಗೆ ಪರಮ ಖುಷಿ. "ಊಟಕ್ಕೆ ಬಂದೋರಿಗೆ ಅದೊಂದು ತೋರಿಸ್ಬೇಕಾ, ಸಾಕು ಬಿಡಿ ಅಂದ್ರೆ" ಎಂದು ಅವರ ಹೆಂಡತಿ, ನನಗೆ ಆಂಟಿ, ಅಡುಗೆಮನೆಯಿಂದಲೇ ಗದರುತ್ತಿದ್ದರು.

ನಾನು ಅವರನ್ನು ಕರೆಯುತ್ತಿದ್ದುದು ಅಂಕಲ್ ಎಂದು. ಡಲ್ಲಾಸ್ ಕಡೆಯ ಕನ್ನಡದವರಲ್ಲಿ ಅಂಕಲ್‌ಗಳಿಗೇನು ಬರ, ಅವರ ಮನೆಯಿದ್ದ ಕಾಪೆಲ್‌ನಲ್ಲಂತೂ ಕಣ್ಣುಮುಚ್ಚಿ ಕಲ್ಲೆಸೆದರೂ ಒಬ್ಬ ಅಂಕಲ್‌ಗೆ ತಾಗುತ್ತದೆ. ಆದರೆ ನನಗೆ ಇಷ್ಟು ಸಿಟ್ಟು ತರಿಸಿದ ಅಂಕಲ್ ಇನ್ನೊಬ್ಬರಿಲ್ಲ. ಅವರು ಹೋಗಿ ವರ್ಷವಾಗುತ್ತ ಬಂತು, ಸಿಟ್ಟು ಇನ್ನೂ ಇಳಿದಿಲ್ಲ. ತೀರಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕು ಎನ್ನುತ್ತಾರೆ. ಬರೆಯುತ್ತೇನೆ, ಆದರೆ ಮೊದಲು ನನ್ನ ದೂರು ಕೇಳಿ.

ನಾನು ಆಸ್ಟಿನ್‌ನಲ್ಲಿ ಇತಿಹಾಸ ಓದುವುದಕ್ಕೆ ಬಂದವಳು. ಊರು ಬಾಗಲಕೋಟೆ ಕಡೆ. ಪಿಎಚ್‌ಡಿಗೆ ಆರಿಸಿಕೊಂಡದ್ದು ನಾನೂರೈವತ್ತು ವರ್ಷದ ಹಿಂದೆ ಮೆಡಿಟರೇನಿಯನ್ ಸಮುದ್ರದಲ್ಲಿ ಕ್ರೈಸ್ತ ರಾಜರಿಗೂ ತುರ್ಕಿ ಸುಲ್ತಾನರಿಗೂ ನಡೆದ ಗ್ಯಾಲಿ ಯುದ್ಧಗಳ ವಿಷಯ. ಗ್ಯಾಲಿ ಎಂದರೆ ಉದ್ದನೆಯ, ಕಿರಿದಾದ, ನೀರಿಗೆ ತೀರ ತಗ್ಗಿನಲ್ಲಿ ತೇಲುವ ಹಡಗು. ಹಾಯಿ ಇರುತ್ತದೆ, ಆದರೆ ಕಾದಾಟಕ್ಕೆ ಇಳಿದ ಮೇಲೆ ಅದನ್ನು ನಡೆಸುವುದು ಹುಟ್ಟು. ಎರಡು ಬದಿಗೂ ಸಾಲಾಗಿ ಬೆಂಚು, ಒಂದೊಂದು ಬೆಂಚಿಗೆ ಮೂವರೋ ನಾಲ್ವರೋ ಗಂಡಸರು, ಬಹಳಷ್ಟು ಜನರ ಕಾಲಿಗೆ ಸರಪಳಿ. ಕ್ರೈಸ್ತರ ಹಡಗನ್ನು ಎಳೆಯುತ್ತಿದ್ದವರಲ್ಲಿ ಸೆರೆಸಿಕ್ಕ ಮುಸಲ್ಮಾನರು, ಸುಲ್ತಾನನ ಹಡಗನ್ನು ಎಳೆಯುತ್ತಿದ್ದವರಲ್ಲಿ ಸೆರೆಸಿಕ್ಕ ಕ್ರೈಸ್ತರು. ಎದುರಿನ ಹಡಗನ್ನು ಗುದ್ದಿ ಮುಳುಗಿಸಿದರೆ ಅದರಡಿಯಲ್ಲಿ ಮೊದಲು ಮುಳುಗುವವರು ಗುದ್ದಿದವರ ಕಡೆಯವರೇ.

"ಸಮುದ್ರ ಕಾಣದಾಕಿ ಸಮುದ್ರದ ಮ್ಯಾಲ ಏನ್ ಓದ್ತೀಯವಾ" ಎಂದು ನಮ್ಮ ಹೈಸ್ಕೂಲಿನ ಮಾಸ್ತರು ನಕ್ಕಿದ್ದರು. ಆ ನಗು ಚೆನ್ನಾಗಿತ್ತು. ಟೆಕ್ಸಾಸಿನ ಕನ್ನಡದವರು ನಗುತ್ತಿರಲಿಲ್ಲ, ಮೊದಲು ನನ್ನ ಹೆಸರು ಕೇಳುತ್ತಿದ್ದರು. ಅದು ಮುಸಲ್ಮಾನರ ಹೆಸರೆಂದು ತಿಳಿದೊಡನೆ ನಾನು ಯಾವ ಹಡಗು ಹತ್ತುವವಳೆಂದು ತಾವೇ ತೀರ್ಮಾನಿಸಿ, "ಓಹೋ, ಹಾಗಾದ್ರೆ ನಿಮ್ಮೋರು ಗೆದ್ರಾ, ಸೋತ್ರಾ?" ಎಂದು ಕೇಳುತ್ತಿದ್ದರು. ಯಾರಪ್ಪಾ ನಮ್ಮೋರು? ನಮ್ಮಜ್ಜ ಕೃಷ್ಣಾ ನದಿ ದಾಟುವಾಗಲೂ ಹರಿಗೋಲಿನ ಅಂಚು ಗಟ್ಟಿ ಹಿಡಿದು ಕೂರುತ್ತಿದ್ದವರು.

ಅಂಕಲ್ ಹೆಸರು ಕೇಳಲಿಲ್ಲ. ರಾಜ್ಯೋತ್ಸವದ ಊಟ ಚೆನ್ನಾಗಿರುತ್ತದೆಂದು ಆಸ್ಟಿನ್‌ನಿಂದ ನಾವು ಕೆಲವು ವಿದ್ಯಾರ್ಥಿಗಳು ಒಂದು ಕಾರಿನಲ್ಲಿ ಡಲ್ಲಾಸ್‌ಗೆ ಹೋಗಿದ್ದೆವು. ಪ್ಲೇಟಿನಲ್ಲಿ ಬಿಸಿಬೇಳೆಬಾತ್ ಹಾಕಿಸಿಕೊಂಡು ತಿರುಗಿದೆ, ನನ್ನ ಓದಿನ ಸುದ್ದಿ ಯಾರಿಂದಲೋ ತಿಳಿದುಕೊಂಡು ಇವರು ದಾರಿಗಡ್ಡ ನಿಂತಿದ್ದರು.

"ನೀರು ಎಲ್ಲಿಟ್ಕೋತಿದ್ರು?" ಎಂದರು.

"ಏನ್ ನೀರ್ರೀ?"

"ಕುಡಿಯೋ ನೀರಮ್ಮ. ಅಷ್ಟು ಜನ ಬಿಸಿಲಲ್ಲಿ ಹುಟ್ಟು ಹಾಕ್ತಾರೆ, ಬೆವರು ಧಾರಾಕಾರ. ಆ ಹಡಗು ನೋಡಿದ್ರೆ ಪೆನ್ಸಿಲ್ ಡಬ್ಬಿ ಇದ್ದ ಹಾಗಿದೆ. ಪೀಪಾಯಿ ಎಲ್ಲಿಡ್ತಿದ್ರು?"

ನಾನು ಪ್ಲೇಟು ಹಿಡಿದುಕೊಂಡೇ ಹೇಳಿದೆ. ಪೀಪಾಯಿಗೆ ಜಾಗ ತೀರ ಕಡಿಮೆ, ಕೆಲವು ದಿನಕ್ಕೊಮ್ಮೆ ದಡಕ್ಕೆ ಬಂದು ತುಂಬಿಕೊಳ್ಳಲೇಬೇಕು, ದಡದ ಒರತೆಗಳು ಯಾರ ಕೈಯಲ್ಲಿವೆಯೋ ಸಮುದ್ರ ಅವರದು ಎಂದೆ. ಅವರು ಕಣ್ಣರಳಿಸಿ, "ನಂಗೊತ್ತಿತ್ತು" ಎಂದರು. ಮತ್ತೊಂದು ಪ್ರಶ್ನೆ, ಅದರ ಮೇಲೆ ಇನ್ನೊಂದು. ಬಾತು ಆರಿ ಗಾರೆಯಂತಾಯಿತು, ಬೂಂದಿ ಖಾಲಿಯಾಯಿತು, ನನ್ನ ಗೆಳತಿಯರು ಕಾರಿನಲ್ಲಿ ಕೂತು ಹಾರ್ನ್ ಹೊಡೆದರು. ನಡುವೆ ಯಾರೋ ಬಂದು ಅದೇ ಹಳೆಯ ಪ್ರಶ್ನೆ ಕೇಳಿದರು. ಲೆಪಾಂಟೊ ಎಂಬಲ್ಲಿ ದೊಡ್ಡ ಯುದ್ಧವಾಯಿತಲ್ಲ, ಕೊನೆಗೆ ಗೆದ್ದವರು ಯಾರು?

"ಬೆಂಚು" ಎಂದರು ಅಂಕಲ್. "ಸುಲ್ತಾನನ ಹಡಗಿನಲ್ಲಿದ್ದ ಕ್ರೈಸ್ತರ ಸರಪಳಿ ಬಿಚ್ಚಿದ್ರು, ಸರಿ. ಆಮೇಲೆ ಸಿಕ್ಕಿಬಿದ್ದ ತುರ್ಕರನ್ನ ಹಿಡಿದು ತಂದು ತಮ್ಮ ಹಡಗಲ್ಲಿ ಕೂರಿಸಿದ್ರು. ಬೆಂಚು ಮಾತ್ರ ಖಾಲಿ ಇರ್ಲಿಲ್ಲ ನೋಡಿ. ಅದೇ ಗೆದ್ದದ್ದು."

ಕೇಳಿದವರು ಪೆಚ್ಚಾಗಿ ಮಜ್ಜಿಗೆ ಕಡೆ ಹೋದರು. ನನಗೆ ಹೊಟ್ಟೆ ಹಸಿದಿತ್ತು, ಸಿಟ್ಟೂ ಬಂದಿತ್ತು, ಆದರೆ ಆ ನೀರಿನ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನನ್ನ ಪ್ರಬಂಧದಲ್ಲಿ ಮುಖ ತೋರಿಸುವಂಥ ಅಧ್ಯಾಯ ಒಂದೇ ಒಂದಿದ್ದರೆ ಅದು ಆ ಪ್ರಶ್ನೆಯಿಂದ ಶುರುವಾದದ್ದು. ಅವರಿಗೇ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟು ಹಾಕಿದ್ದರೆಂಬುದು ನನಗಾಗ ತಿಳಿದಿರಲಿಲ್ಲ.

ಅಂಕಲ್ ಮೈಸೂರಿನವರು. ಲಾಸ್ ಕೊಲಿನಾಸ್‌ನ ಒಂದು ಕಂಪನಿಯಲ್ಲಿ ಮ್ಯಾನೇಜರಾಗಿದ್ದರು. ಒಮ್ಮೆ ಆಫೀಸಿನ ಕೆಲಸಕ್ಕೆ ಇಸ್ತಾಂಬುಲ್‌ಗೆ ಹೋದಾಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಸುಲ್ತಾನರ ಕಾಲದ ಗ್ಯಾಲಿಯೊಂದನ್ನು ಕಂಡರಂತೆ. ಹಡಗಿನ ಚಿನ್ನದ ಕೆತ್ತನೆಯ ಫೋಟೋ ಎಲ್ಲರೂ ತೆಗೆಯುತ್ತಿದ್ದರಂತೆ, ಇವರ ಕಣ್ಣು ಬೆಂಚಿನ ಮೇಲೆ ನೆಟ್ಟಿತು. ಅಲ್ಲಿಂದ ಹಿಡಿದ ಹುಚ್ಚು. ಕಿಡ್ನಿ ಕೈಕೊಟ್ಟು ಕೆಲಸ ಬಿಟ್ಟ ಮೇಲೆ ಹುಚ್ಚಿಗೆ ಬೇಕಾದಷ್ಟು ಹೊತ್ತೂ ಸಿಕ್ಕಿತು. ಈ ಯುದ್ಧಗಳ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರಬೇಕು, ಮೈಸೂರಿನ ಯಾವುದೋ ಪಡಸಾಲೆಯಲ್ಲಿ ಕೂತವರು ಓದುವಂತಿರಬೇಕು ಎಂಬುದು ಅವರ ಆಸೆ. ವಿಷಯ ನನ್ನದು, ಕನ್ನಡ ಅವರದು ಎಂದು ಒಪ್ಪಂದವಾಯಿತು. ಕನ್ನಡ ನನಗೂ ಬರುತ್ತದೆ, ಕನ್ನಡ ಶಾಲೆಯಲ್ಲೇ ಓದಿದವಳು. ಆದರೆ ನನ್ನ ವಾಕ್ಯಗಳು ಕಟಕ್ ರೊಟ್ಟಿಯಂತೆ, ಹಲ್ಲು ಗಟ್ಟಿಯಿದ್ದವರಿಗೆ ಮಾತ್ರ ಎಂದು ಅವರು ತೀರ್ಪು ಕೊಟ್ಟರು.

ಹೀಗೆ ನನ್ನ ಶನಿವಾರಗಳು ಹಾಳಾದವು. ಆಸ್ಟಿನ್‌ನಿಂದ ಕಾಪೆಲ್‌ಗೆ ಹೈವೇ ಖಾಲಿಯಿದ್ದರೇ ಮೂರು ಗಂಟೆ, ಅದು ಖಾಲಿಯಿದ್ದದ್ದನ್ನು ನಾನು ಕಂಡಿಲ್ಲ. ಹೋದರೆ ಡೈನಿಂಗ್ ಟೇಬಲ್ ಮೇಲೆ ಹಾಳೆ ಹರಡಿಕೊಂಡು ಕೂತಿರುತ್ತಿದ್ದರು. ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಬೇಕು, ಕಿವಿಗೆ ಒಗ್ಗದಿದ್ದರೆ ಮುಂದೆ ಹೋಗುವಂತಿಲ್ಲ. "ಇದು ಕನ್ನಡ ಅಲ್ಲಮ್ಮ, ಪಂಚೆ ಉಟ್ಕೊಂಡಿರೋ ಇಂಗ್ಲಿಷು" ಎನ್ನುತ್ತಿದ್ದರು. ಒಂದು ಮಧ್ಯಾಹ್ನವಿಡೀ ಒಂದು ಪ್ಯಾರಾ ಆದರೆ ಅವತ್ತು ಹಬ್ಬ. ನನ್ನ ಗೈಡ್ ಒಮ್ಮೆ, ನೀನು ಬರೆಯುತ್ತಿರುವ ಆ ಪುಸ್ತಕ ನನಗೆ ಓದಲು ಬಾರದ ಭಾಷೆಯಲ್ಲಿದೆ, ನಿನ್ನ ಪ್ರಬಂಧ ಯಾವ ಭಾಷೆಯಲ್ಲೂ ಇಲ್ಲ ಎಂದು ನಗುತ್ತಲೇ ಚುಚ್ಚಿದರು.

ಇಷ್ಟಾದರೂ ಪುಸ್ತಕ ಸಾಗುತ್ತಿತ್ತು. ಅದು ನಿಂತದ್ದು ಡಲ್ಲಾಸ್ ಕನ್ನಡ ಸಂಘದ ಸ್ಮರಣ ಸಂಚಿಕೆಯಿಂದ.

ಪುಸ್ತಕದ ಒಂದು ತುಣುಕನ್ನು ಅಂಕಲ್ ಸಂಚಿಕೆಗೆ ಕೊಟ್ಟಿದ್ದರು. ಶೀರ್ಷಿಕೆ 'ಹುಟ್ಟಿನ ಗುಲಾಮರು'. ಹುಟ್ಟು ಹಾಕುವ ಗುಲಾಮರು ಎಂಬ ಅರ್ಥದಲ್ಲಿ ಇಟ್ಟದ್ದು. ಸಂಚಿಕೆ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಹುಡುಗ ಪಾಪ ಶ್ರದ್ಧೆಯವನು, ಇದೇನೋ ಬರವಣಿಗೆಯ ತಪ್ಪು ಎಂದುಕೊಂಡು ತಿದ್ದಿದ. ಅಚ್ಚಾಗಿ ಬಂದದ್ದು 'ಹುಟ್ಟಾ ಗುಲಾಮರು'. ಹುಟ್ಟಾ ಸೋಮಾರಿ, ಹುಟ್ಟಾ ತರಲೆ ಎನ್ನುತ್ತೇವಲ್ಲ, ಆ ಹುಟ್ಟಾ. ಒಳಗೆ ಲೇಖನದುದ್ದಕ್ಕೂ ಅದೇ. ಈ ಹುಟ್ಟಾ ಗುಲಾಮರನ್ನು ಬೆಂಚಿಗೆ ಕಟ್ಟಿ ಹಾಕುತ್ತಿದ್ದರು, ಹುಟ್ಟಾ ಗುಲಾಮರಿಗೆ ಒಣ ಬಿಸ್ಕತ್ತು ಕೊಡುತ್ತಿದ್ದರು. ನಾನು ಓದಿ ಬಿದ್ದು ಬಿದ್ದು ನಕ್ಕೆ.

ಅಲೆನ್‌ನಿಂದ ಒಬ್ಬರು ಫೋನ್ ಮಾಡಿದರು. ಅದು ಡಲ್ಲಾಸ್ ಮಗ್ಗುಲಿನ ಊರು, ಅವರು ಇಂಜಿನಿಯರ್, ಕೋಲಾರದ ಕಡೆಯವರು. ಅಂಕಲ್ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಸಾರ್, ಹುಟ್ಟಾ ಗುಲಾಮರು ಅಂತ ಬರ್ದಿದೀರಲ್ಲ, ಯಾರು ಸಾರ್ ಹುಟ್ತಾನೇ ಗುಲಾಮರಾಗಿರೋರು? ನಮ್ಮ ತಾತ ಜೀತ ಮಾಡಿದೋರು ಸಾರ್. ಅವ್ರು ಹುಟ್ಟಾ ಗುಲಾಮರಾ?"

ಧ್ವನಿಯಲ್ಲಿ ಜಗಳವಿರಲಿಲ್ಲ. ಅಂಕಲ್ ಮುಖ ಬಿಳಿಚಿತು. ತಪ್ಪು ಸಂಪಾದಕನದು ಎಂದು ಹೇಳಿ ಎಂದು ನಾನು ಸನ್ನೆ ಮಾಡಿದೆ. ಅವರು ಹೇಳಲಿಲ್ಲ. "ನಾಳೆ ನಿಮ್ಮನೆಗೆ ಬರಬಹುದಾ?" ಎಂದಷ್ಟೇ ಕೇಳಿದರು.

ಮರುದಿನ ನಾನೇ ಕಾರು ಓಡಿಸಿದೆ. ಹೊಸ ಬಡಾವಣೆ, ಒಂದೇ ತರದ ಮನೆಗಳು, ಗುರುತು ಹಿಡಿಯಲು ಒದ್ದಾಡಿದೆವು. ಅಂಕಲ್ ಒಳಗೆ ಹೋದವರೇ, "ತಪ್ಪಾಗಿದೆ. ನನ್ನ ಹೆಸರಲ್ಲಿ ಬಂದಿದೆ, ಕ್ಷಮಿಸಬೇಕು" ಎಂದರು. ಯಾರು ತಿದ್ದಿದರು, ಏಕೆ ತಿದ್ದಿದರು ಎಂದು ಒಂದು ಮಾತಿಲ್ಲ. ಆಮೇಲೆ ಹುಟ್ಟು ಎಂದರೆ ದೋಣಿಯ ಹುಟ್ಟು ಎಂದು ಬಿಡಿಸಿ ಹೇಳಿದಾಗ ಆ ಮನೆಯವರೂ ನಕ್ಕರು. ಅವರ ಹೆಂಡತಿ ದೊಡ್ಡ ಲೋಟದಲ್ಲಿ ನೀರು ತಂದಿಟ್ಟರು, ಹಿಂದೆಯೇ ಕಾಫಿ. ಅಂಕಲ್ ದಿನವಿಡೀ ಗುಟುಕು ಗುಟುಕಾಗಿ ಹಂಚಿಕೊಳ್ಳುತ್ತಿದ್ದ ಪಾಲಿಗಿಂತ ಅದು ಹೆಚ್ಚು. ಅವರು ನೀರೂ ಕುಡಿದರು, ಕಾಫಿಯೂ ಕುಡಿದರು, ಇನ್ನೊಂದು ಸ್ವಲ್ಪ ಎಂದು ಸುರಿದದ್ದನ್ನೂ ಕುಡಿದರು. ಸಂಜೆಗೆ ಕಾಲು ಬಾತು, ಮಲಗಿದರೆ ಉಸಿರು ಸಿಗದೆ, ಎಮರ್ಜೆನ್ಸಿಗೆ ಓಡಬೇಕಾಯಿತು.

"ಕಿಡ್ನಿ ಕಾಯಿಲೆ ಐತಿ, ಕುಡಿಯೂ ಹಂಗಿಲ್ಲ ಅಂತ ಹೇಳಾಕ ಏನಾಗಿತ್ರಿ ನಿಮ್ಗ? ಕೈ ತೋರ್ಸಿದ್ರ ಸಾಕಾಗಿತ್ತು. ಎಲ್ಲಾರ್ಗೂ ತೋರಸ್ತೀರಿ!" ಎಂದು ನಾನು ಆಸ್ಪತ್ರೆಯಲ್ಲೇ ರೇಗಿದೆ.

ಅವರು ಆಕ್ಸಿಜನ್ ಮಾಸ್ಕ್ ಸರಿಸಿ ಹೇಳಿದರು. "ಅವರ ತಾತನ ಮನೇಲಿ ನಮ್ಮ ತಾತ ನೀರು ಕುಡಿದಿರಲ್ಲ ಕಣಮ್ಮ. ಅವರು ಎಷ್ಟು ನೆಪ ಕೇಳಿದಾರೋ. ಇವತ್ತು ಹೊಟ್ಟೆ ಸರಿ ಇಲ್ಲ, ಇವತ್ತು ಉಪವಾಸ, ಇವತ್ತು ಏಕಾದಶಿ. ಅದರ ಮೇಲೆ ನಾನೊಂದು ಕಿಡ್ನಿ ಹೇಳಬೇಕಿತ್ತಾ?"

ಆದರೂ ಹೇಳುತ್ತೇನೆ, ಹೇಳಬಹುದಿತ್ತು. ಆ ಮನೆಯವರು ಅರ್ಥ ಮಾಡಿಕೊಳ್ಳುವಷ್ಟು ದೊಡ್ಡವರಿದ್ದರು. ಆಂಟಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ ಮುಖ ಕಣ್ಣಿಗೆ ಬಂದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ ಹೊಸ ತಕರಾರು ಶುರುವಾಯಿತು. ಹುಟ್ಟು ಹಾಕುವ ಆ ಜನರಿಗೆ ಕನ್ನಡದಲ್ಲಿ ಏನೆನ್ನಬೇಕು? ಸರಿಯಾದ ಶಬ್ದ ಸಿಗುವ ತನಕ ಪುಸ್ತಕ ಮುಂದೆ ಹೋಗಕೂಡದು. 'ಹುಟ್ಟಿನ ಗುಲಾಮರು' ಎಂಬುದನ್ನು ಹಾಳೆಗಳಿಂದೆಲ್ಲ ಹೊಡೆದು ಹಾಕಿದರು, ಆ ಜಾಗವನ್ನೆಲ್ಲ ಖಾಲಿ ಬಿಟ್ಟರು.

ಬರೀ ಗುಲಾಮರು ಎನ್ನೋಣ ಎಂದೆ. "ಬೆಂಚಿನ ಮೇಲೆ ಮೂರು ತರದ ಜನ. ಒಬ್ಬ ಸೆರೆ ಸಿಕ್ಕವನು, ಒಬ್ಬ ಕೋರ್ಟಲ್ಲಿ ಶಿಕ್ಷೆ ಆದವನು, ಇನ್ನೊಬ್ಬ ಹೊಟ್ಟೆಪಾಡಿಗೆ ತಾನೇ ಬಂದು ಕೂತವನು. ನೀನೇ ಹೇಳ್ಕೊಟ್ಟಿದ್ದು. ಮೂವರಿಗೂ ಒಂದೇ ಹಣೆಪಟ್ಟಿ ಹಚ್ತೀಯಾ?"

ಅಂಬಿಗರು? "ಅಂಬಿಗ ದಡ ಸೇರಿಸೋನಮ್ಮ. ಇವರನ್ನ ದಡಕ್ಕೆ ಬಿಟ್ಟೋರು ಯಾರು?"

ಜೀತದಾಳು? "ಆ ಮಾತು ಅಲೆನ್‌ನವರ ತಾತಂದು. ನಾವು ಎರವಲು ತರೋ ಹಾಗಿಲ್ಲ."

ನಾವಿಕ ಎಂದರೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ಕಾಣುತ್ತದಂತೆ. ಸೆರೆಯಾಳು ಎಂದರೆ ಹೊಟ್ಟೆಪಾಡಿನವನು ಹೊರಗುಳಿಯುತ್ತಾನಂತೆ. ನಾನು ರೋಸಿಹೋಗಿ ಹುಟ್ಟಾಳು ಎಂದೆ. "ಮತ್ತೆ ಹುಟ್ಟಿಗೇ ಬಂದ್ಯಲ್ಲ" ಎಂದು ತಲೆ ಚಚ್ಚಿಕೊಂಡರು. ಹ್ಯೂಸ್ಟನ್‌ನಿಂದ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಟ್ಟು ಎಂದರೆ ಓರ್ ಎಂದು ತಾತನ ಬಾಯಿಂದ ಕೇಳಿದ ಆ ಕೂಸು, "ಸೋ ಹುಟ್ಟುಹಬ್ಬ ಈಸ್ ಲೈಕ್ ಎ ರೋಯಿಂಗ್ ಫೆಸ್ಟಿವಲ್?" ಎಂದು ಕೇಳಿತು. ನಾವೆಲ್ಲ ನಕ್ಕೆವು, ಅಂಕಲ್ ನಗಲಿಲ್ಲ. "ನೋಡಿದ್ಯಾ? ಇದಕ್ಕೇ ಹೇಳ್ತಿರೋದು" ಎಂದು ನನ್ನ ಕಡೆ ತಿರುಗಿದರು.

ಶಬ್ದ ಎಂದರೆ ಅವರಿಗೆ ಪ್ರಾಣ ಎನ್ನುವುದು ಸುಲಭ. ಆ ಪ್ರಾಣಕ್ಕೆ ಡಾಕ್ಟರು ಏನು ಹೇಳಿದ್ದಾರೆಂದು ನಮಗೆಲ್ಲ ಗೊತ್ತಿತ್ತು, ಅದೇ ನನ್ನ ಗೋಳು. ವಾರಕ್ಕೆ ಮೂರು ಸಲ ಮಷೀನಿಗೆ ಕಟ್ಟಿಸಿಕೊಂಡು ಕೂರುತ್ತಿದ್ದರು, ಒಂದೊಂದು ಸಲವೂ ಎದ್ದು ಬರುವಾಗ ಸ್ವಲ್ಪ ಕುಗ್ಗಿರುತ್ತಿದ್ದರು. ಪುಸ್ತಕ ಕೈಯಲ್ಲಿ ಹಿಡಿಯುವಷ್ಟು ಕಾಲ ಇರುತ್ತಾರೋ ಇಲ್ಲವೋ ಎಂಬುದೊಂದೇ ನನಗೆ ಚಿಂತೆ, ಅವರಿಗೆ ಮಾತ್ರ ಅದರ ಪರಿವೆಯಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ನನ್ನ ಹಳೆಯ ಕಾರಿನ ಎಸಿ ಕೆಟ್ಟಿತ್ತು. ಬೆಂದು ಬದನೆಕಾಯಿಯಾಗಿ ಕಾಪೆಲ್ ಮುಟ್ಟಿದೆ. "ಆಂಟಿ, ಭಾಳ ನೀರಡಿಕಿ ಆಗೇತ್ರಿ" ಎಂದವಳೇ ಅಡುಗೆಮನೆಯ ಕಟ್ಟೆಗೆ ಒರಗಿ ಒಂದು ಚೊಂಬು ನೀರನ್ನು ಗಟಗಟ ಕುಡಿದೆ. ತಿರುಗಿ ನೋಡಿದರೆ ಅಂಕಲ್ ಸೋಫಾದಿಂದ ನನ್ನ ಗಂಟಲನ್ನೇ ನೋಡುತ್ತಿದ್ದರು. ನನಗೆ ಜೀವ ಹಿಡಿಯಷ್ಟಾಯಿತು.

"ಏನಂದೆ?" ಎಂದರು.

"ಏನಿಲ್ರೀ. ನಾ ಹೊರಗ ಹೋಗಿ ಕುಡೀಬೇಕಿತ್ತು."

"ಅದಲ್ಲ. ಏನೋ ಆಗೇತಿ ಅಂದ್ಯಲ್ಲ."

"ನೀರಡಿಕಿ. ನೀವು ಬಾಯಾರಿಕೆ ಅಂತೀರಲ್ಲ, ಅದು."

"ಅದೇ ಅಲ್ಲ ಕಣಮ್ಮ" ಎಂದರು. "ಬಾಯಾರಿಕೆ ಅಂದ್ರೆ ಬಾಯಿ ಆರೋದು. ಅದಕ್ಕೆ ನಿಮ್ಮ ಆಂಟಿ ಐಸ್ ಚೂರು ಕೊಡ್ತಾಳೆ, ತುಟಿ ಒದ್ದೆ ಮಾಡ್ಕೋತೀನಿ, ಹೋಗುತ್ತೆ. ನಂಗಾಗೋದು ಬಾಯಲ್ಲಲ್ಲ. ಕಾಲಲ್ಲಿ ಆಗುತ್ತೆ, ಬೆನ್ನಲ್ಲಿ ಆಗುತ್ತೆ. ಸಾರಿನ ವಾಸನೆ ಬಂದ್ರೆ ಅಳು ಬರುತ್ತೆ. ಇದಕ್ಕೆ ನಮ್ಮ ಕಡೆ ಹೆಸರೇ ಇಲ್ಲ ಅಂದ್ಕೊಂಡಿದ್ದೆ. ನಿಮ್ಮೂರಲ್ಲಿ ಇದೆ."

ಪುಸ್ತಕದಲ್ಲಿದ್ದ ಬಾಯಾರಿಕೆಯನ್ನೆಲ್ಲ ಅವತ್ತೇ ಕೂತು ನೀರಡಿಕೆ ಎಂದು ತಿದ್ದಿದರು. ನಾನು ಅವರೆದುರು ನೀರು ಕುಡಿಯುವುದನ್ನು ಬಿಟ್ಟೆ, ಅದಕ್ಕೂ ಬೈದರು. "ಇಲ್ಲೇ ಕುಡಿ. ನೋಡೋಕಾದ್ರೂ ಬಿಡು" ಎಂದರು. ನನ್ನ ಕಟಕ್ ರೊಟ್ಟಿ ಕನ್ನಡದಿಂದ ಅವರು ತೆಗೆದುಕೊಂಡ ಮೊದಲ ಶಬ್ದ ಅದು. ಹೆಮ್ಮೆ ಪಡಬೇಕಿತ್ತು, ಆಗಲಿಲ್ಲ.

ಕಿಡ್ನಿ ಕಸಿಯ ಆಸೆಯೊಂದು ಉಳಿದಿತ್ತು. ತಪಾಸಣೆಗೆ ಹ್ಯೂಸ್ಟನ್‌ನ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ರಜೆ ಸಿಕ್ಕಿದ್ದರಿಂದ ನಾನೇ ಅವರಿಬ್ಬರನ್ನೂ ಕರೆದುಕೊಂಡು ಹೋದೆ. ಹೃದಯ ದುರ್ಬಲವಾಗಿದೆ, ಕಸಿ ತಡೆಯುವುದಿಲ್ಲ ಎಂದು ಅಲ್ಲಿನ ಡಾಕ್ಟರು ನೇರವಾಗಿಯೇ ಹೇಳಿದರು. ವಾಪಸ್ಸು ಬರುವಾಗ ಆಂಟಿ ಹಿಂದಿನ ಸೀಟಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಅಂಕಲ್ ಕಿಟಕಿಯಾಚೆ ಪೈನ್ ಮರಗಳನ್ನು ನೋಡುತ್ತ ಕೂತಿದ್ದರು. ಏನಾದರೂ ಮಾತಾಡಲಿ ಎಂದು ನಾನು ಕಾಯುತ್ತಿದ್ದೆ.

"ಸರಪಳಿಯಾಳು ಅಂದ್ರೆ ಹೇಗೆ?" ಎಂದರು. ನಾನು ಉತ್ತರಿಸುವ ಮೊದಲೇ, "ಊಹೂಂ, ಎಲ್ಲರಿಗೂ ಸರಪಳಿ ಇರ್ಲಿಲ್ವಲ್ಲ" ಎಂದರು.

ನಾನು ಮುಂದೆ ಸಿಕ್ಕ ಗ್ಯಾಸ್ ಸ್ಟೇಷನ್ನಿಗೆ ಕಾರು ತಿರುಗಿಸಿ ನಿಲ್ಲಿಸಿದೆ.

"ಅಂಕಲ್, ಡಾಕ್ಟರ್ ಹೇಳಿದ್ದು ನಿಮ್ಗ ಕೇಳಿಸ್ತೋ ಇಲ್ಲೋ? ಹೊತ್ತಿಲ್ರೀ ನಿಮ್ಗ. ಒಂದ್ ಶಬ್ದ ಹಿಡ್ಕೊಂಡು ಎಷ್ಟ್ ದಿನ ಕುಂದರ್ತೀರಿ? ಗುಲಾಮ್ರು ಅಂತ ಹಾಕಿ ಮುಗಸ್ರಿ. ಪುಸ್ತಕದ ಮ್ಯಾಲ ನಿಮ್ಮ ಹೆಸರು ನೀವು ನೋಡೂದು ಬ್ಯಾಡೇನ್ರಿ?"

"ನನ್ನ ಹೆಸರಿಗೇನಮ್ಮ ಅವಸರ? ಅವರಿಗೆ ಇವತ್ತಿಗೂ ನಮ್ಮ ಭಾಷೇಲಿ ಒಂದು ಹೆಸರಿಲ್ಲ. ನಾವು ಇಟ್ಟದ್ದೇ ಮೊದಲನೇದಾಗುತ್ತೆ. ತಪ್ಪಿಟ್ರೆ ಅದೇ ಉಳ್ಕೊಳುತ್ತೆ."

"ಸತ್ತು ನಾನೂರೈವತ್ತು ವರ್ಸ ಆತ್ರಿ ಅವರು. ಅವರ್ಗೇನ್ ಗೊತ್ತಾಕ್ಕೈತಿ?"

"ನಂಗೆ ಗೊತ್ತಾಗುತ್ತಲ್ಲ" ಎಂದರು.

"ಇಬ್ರೂ ಸುಮ್ನಿರ್ತೀರಾ?" ಎಂದು ಆಂಟಿ ಹಿಂದಿನಿಂದ ಕೂಗಿದರು. ಅವರು ಹಾಗೆ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಕಾರನ್ನು ಮತ್ತೆ ಹೈವೇಗೆ ತಿರುಗಿಸಿದೆ.

ಆಮೇಲಿನ ತಿಂಗಳುಗಳಲ್ಲಿ ಪುಸ್ತಕದ ಉಳಿದ ಅಧ್ಯಾಯಗಳು ಮುಗಿದವು, ಆ ಖಾಲಿ ಜಾಗಗಳನ್ನು ಬಿಟ್ಟು. ಓದುವಾಗ ಆ ಜಾಗ ಬಂದರೆ ಅಂಕಲ್ ಒಂದು ಕ್ಷಣ ನಿಂತು, ಗಂಟಲು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಕೊನೆಯ ಸಲ ಹೋದಾಗ ಡಯಾಲಿಸಿಸ್ ನಿಲ್ಲಿಸಿದ್ದರು. ಹೃದಯಕ್ಕೆ ಅದನ್ನು ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಇನ್ನು ಮನೆಯಲ್ಲೇ ನೆಮ್ಮದಿಯಾಗಿ ನೋಡಿಕೊಳ್ಳಿ ಎಂದು ಕಳಿಸಿದ್ದರಂತೆ. ಆಂಟಿ ಫೋನಿನಲ್ಲಿ ಇದನ್ನು ಹೇಳಿರಲಿಲ್ಲ, "ಒಂದು ಸಲ ಬಂದು ಹೋಗೇ" ಎಂದಿದ್ದರಷ್ಟೇ. ಹಾಲಿನಲ್ಲಿ ಆಸ್ಪತ್ರೆಯ ಮಂಚ ಹಾಕಿತ್ತು. ನಾನು ಕೂತ ಮೇಲೆ ಆಂಟಿ ಒಂದು ಸ್ಟೀಲ್ ಲೋಟ ತೆಗೆದುಕೊಂಡು ಅಂಚಿನವರೆಗೂ ನೀರು ತುಂಬಿದರು. ಅಳತೆಯ ಕಪ್ಪು ಕಟ್ಟೆಯ ಮೇಲೇ ಇತ್ತು, ಅವರು ಅದನ್ನು ಮುಟ್ಟಲಿಲ್ಲ. ಆಗ ನನಗೆ ಎಲ್ಲ ತಿಳಿಯಿತು.

ಅಂಕಲ್ ಎರಡು ಗುಟುಕು ಕುಡಿದರು. ಲೋಟ ಸರಿಸಿ, "ಸಾಕು" ಎಂದರು.

ಇಷ್ಟು ವರ್ಷ ಕಾದು, ಸಾರಿನ ಬಟ್ಟಲನ್ನು ಆಸೆಗಣ್ಣಿನಿಂದ ನೋಡಿ, ಐಸ್ ಚೂರು ಚೀಪಿ, ಕೊನೆಗೆ ಲೋಟ ತುಂಬಿ ಕೊಟ್ಟರೆ ಎರಡು ಗುಟುಕು! ನನಗೆ ಯಾರ ಮೇಲೆ ಹಾಯಬೇಕೋ ತಿಳಿಯಲಿಲ್ಲ. ಅಳು ಬಾರದಿರಲೆಂದು ಚೀಲದಿಂದ ಹಾಳೆಗಳನ್ನು ತೆಗೆದೆ.

"ಅಂಕಲ್, ಏನ್ ಹಾಕ್ಲಿ ಹೇಳ್ರಿ. ಇವತ್ತು ಕೇಳ್ದ ಹೋಗಾಂಗಿಲ್ಲ ನಾ."

ಅವರು ಕಣ್ಣು ಮುಚ್ಚಿಕೊಂಡೇ ಯೋಚಿಸಿದರು. ನಿದ್ದೆ ಹೋದರೇನೋ ಎಂದುಕೊಂಡೆ. "ನೀನೇ ಏನಾದ್ರೂ ಹಾಕಿಡು. ನಾನು ಆಮೇಲೆ ನೋಡ್ತೀನಿ" ಎಂದರು.

ಆ ವಾರವೇ ತೀರಿಕೊಂಡರು. ಅಂತ್ಯಕ್ರಿಯೆಗೆ ಅಲೆನ್‌ನವರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಸಂಘದವರು ನಾಲ್ಕು ಮಾತಾಡಿ ಎಂದು ನನ್ನನ್ನು ಎಬ್ಬಿಸಿದಾಗ ನನ್ನ ಬಾಯಿಂದ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ.

ನನ್ನ ಪಿಎಚ್‌ಡಿ ಮುಗಿಯಿತು. ಪುಸ್ತಕದಲ್ಲಿ ಖಾಲಿಯಿದ್ದ ಜಾಗಗಳಿಗೆಲ್ಲ ನಾನು 'ಬೆಂಚಿನವರು' ಎಂದು ಹಾಕಿದೆ. ಬೆಂಗಳೂರಿನ ಪ್ರಕಾಶಕರು, "ಮೇಡಂ, ಇದು ಸ್ಕೂಲ್ ಮಕ್ಕಳ ಕಥೆ ತರ ಆಗುತ್ತಲ್ವಾ?" ಎಂದರು. ಆಗಲಿ ಎಂದೆ. ಹುಟ್ಟಿನ ಮಾತಿಲ್ಲ, ಯಾರ ತಾತನಿಂದಲೂ ಎರವಲು ತಂದದ್ದಲ್ಲ, ಮೂರು ತರದವರೂ ಅದರಲ್ಲಿ ಕೂರುತ್ತಾರೆ. ನನ್ನ ಮಟ್ಟಿಗೆ ಅದು ಸರಿಯಾಗಿದೆ.

ಆದರೂ ಕರಡು ನನ್ನ ಮೇಜಿನ ಮೇಲೇ ಇದೆ. ಇದಕ್ಕೂ ಅಂಕಲ್ ಒಂದು ತಕರಾರು ತೆಗೆಯುತ್ತಿದ್ದರು, ಅದರಲ್ಲಿ ಅನುಮಾನವೇ ಇಲ್ಲ. ನಾನು ದಿನಾ ಅವರ ಹಾಗೆ ಗಟ್ಟಿಯಾಗಿ ಓದುತ್ತೇನೆ, ಆ ಶಬ್ದ ಬಂದಾಗ ನಿಲ್ಲುತ್ತೇನೆ, ಅವರು ಏನೆನ್ನುತ್ತಿದ್ದರು ಎಂದು ತಲೆ ಕೆರೆದುಕೊಳ್ಳುತ್ತೇನೆ. ಏನು ಮಾಡಿದರೂ ಹೊಳೆಯುತ್ತಿಲ್ಲ. ಪ್ರಕಾಶಕರು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಾರೆ, ಆ ತಕರಾರು ಕೇಳದೆ ಅಚ್ಚಿಗೆ ಕಳಿಸಲು ನನಗೆ ಕೈ ಬರುತ್ತಿಲ್ಲ.